ಕಾಲು ತೋರಿಸಿ ಅಂದ ಕಾಲೇಜು

ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯೊಳಗೆ ಇಟ್ಟುಕೊಂಡು ಕೂರಲು ನನ್ನಿಂದ ಆಗುವುದಿಲ್ಲ. ನನ್ನ ಮೊಮ್ಮಗಳಿಗೆ ಸೀಟು ಸಿಕ್ಕಿತು! ಮಗ ಬಂದು ನೆಲೆಸಿದ ಈ ದೇಶದ ಪೂರ್ವದ ತುದಿಯಲ್ಲಿರುವ ಹಳೆಯ ಕಾಲೇಜು ಅದು. ಎಲ್ಲರಿಗೂ ಬೇಕಾದದ್ದು, ಬೆರಳೆಣಿಕೆಯಷ್ಟು ಮಕ್ಕಳಿಗೆ ಮಾತ್ರ ಸಿಗುವಂಥದ್ದು. ಅಲ್ಲಿ ಅವಳಿಗೆ ಸೀಟು ಸಿಕ್ಕಿದ್ದು ತಟ್ಟೆ ಎಸೆದು. ಊಟದ ತಟ್ಟೆಯಲ್ಲ, ಡಿಸ್ಕಸ್ ಅನ್ನುತ್ತಾರಲ್ಲ, ಅಂಚಿಗೆ ಲೋಹದ ಪಟ್ಟಿ ಕಟ್ಟಿದ, ಒಂದು ಕಿಲೋ ತೂಗುವ ಚಕ್ರ. ನಾನು ಅದನ್ನು ಮೊದಲ ದಿನದಿಂದಲೂ ತಟ್ಟೆ ಎಂದೇ ಕರೆದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಇಷ್ಟು ಓದಿ ಎದ್ದು ಹೋಗುವವರು ಹೋಗಬಹುದು, ನನಗೆ ಬೇಜಾರಿಲ್ಲ, ಸಂತೋಷ ಹಂಚಿಯಾಯಿತು. ಕುಳಿತವರಿಗೆ ನಾನು ಮಾಡಿದ ಕೆಲಸ ಹೇಳುತ್ತೇನೆ. ನಾಲ್ಕನೇ ಕ್ಲಾಸು ಓದಿದವಳು ನಾನು. ಒತ್ತಕ್ಷರ ತಪ್ಪಿದ ಕಡೆ ಸೊಸೆ ತಿದ್ದಿದ್ದಾಳೆ. ಮಾತು ಮಾತ್ರ ನನ್ನದೇ.

ಎಲ್ಲರೂ ಕಂಪ್ಯೂಟರ್ ಕಂಪನಿ ಕಟ್ಟುತ್ತಿದ್ದ ಕಾಲ ಅದು. ಮಗ ರೆಡ್‌ವುಡ್ ಸಿಟಿಯಲ್ಲಿ ಒಂದು ಹೊಸ ಕಂಪನಿಗೆ ಸೇರಿದ್ದ. ಅಲ್ಲಿ ಕೆಲಸಗಾರರಿಗಿಂತ ಕುರ್ಚಿಗಳೇ ಜಾಸ್ತಿ ಎಂದು ಸೊಸೆ ನಗುತ್ತಿದ್ದಳು. ಅವಳ ಆಫೀಸು ಮೆನ್ಲೋ ಪಾರ್ಕಿನಲ್ಲಿ. ಇಬ್ಬರೂ ಬೆಳಿಗ್ಗೆ ಫ್ರೀವೇ ಹಿಡಿದರೆ ಬರುವುದು ಕತ್ತಲಾದ ಮೇಲೆ. ಮಿಲ್ಪಿಟಾಸಿನ ನಮ್ಮ ಮನೆ ಸಾಲುಮನೆಗಳಲ್ಲಿ ಒಂದು. ಹಗಲಿನಲ್ಲಿ ಆ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ಗ್ಯಾರೇಜಿನ ಬಾಗಿಲು ಮೇಲೆ ಹೋಗುತ್ತದೆ, ಕಾರು ಹೊರಗೆ ಬರುತ್ತದೆ, ಬಾಗಿಲು ಕೆಳಗೆ ಬರುತ್ತದೆ. ಮನುಷ್ಯರ ಮುಖ ನೋಡಬೇಕಾದರೆ ಟೀವಿ ಹಾಕಬೇಕು. ಬಂದ ಹೊಸದರಲ್ಲಿ ನಾನು ಕುಕ್ಕರಿನ ಜೊತೆ ಮಾತಾಡುತ್ತಿದ್ದೆ. ಅದಾದರೂ ಕೂಗುತ್ತಿತ್ತಲ್ಲ!

ಹೀಗಿರುವಾಗ ಒಂದು ಸಂಜೆ ಮೊಮ್ಮಗಳು ಶಾಲೆಯಿಂದ ಬಂದವಳು ನನ್ನ ಮುಂದೆ ಮಂಡಿಯೂರಿ ಕುಳಿತಳು.

"ಅಜ್ಜಿ, ಐ ನೀಡ್ ಯು. ಡಿಸ್ಕಸ್ ಪ್ರಾಕ್ಟೀಸಿಗೆ ಒಬ್ಬರು ಅಡಲ್ಟ್ ಇರಲೇಬೇಕು. ಕೋಚ್ ರನ್ನರ್ಸ್ ಜೊತೆ ಇರ್ತಾರೆ. ನಾನು ಒಬ್ಬಳೇ ಥ್ರೋ ಮಾಡಂಗಿಲ್ಲ. ಇಟ್ಸ್ ದ ರೂಲ್."

"ಅಡಲ್ಟ್ ಅಂದ್ರೆ?"

"ದೊಡ್ಡವರು."

"ಅರವತ್ತು ದಾಟಿ ಎಷ್ಟೋ ಆಯ್ತು ಕಣವ್ವಾ. ಇನ್ನೂ ಎಷ್ಟು ದೊಡ್ಡವಳಾಗ್ಬೇಕು ನಾನು?"

ಅವಳು ನಕ್ಕು ನನ್ನ ಕೆನ್ನೆ ಕಚ್ಚಿದಳು. ಕೆಲಸ ಸಿಕ್ಕಿದ್ದು ಹಾಗೆ.

ತಟ್ಟೆ ಎಸೆಯುವ ಜಾಗ ಶಾಲೆಯ ಮೈದಾನದಲ್ಲೇ ಇತ್ತು, ಆದರೆ ಎಲ್ಲಕ್ಕಿಂತ ಆಚೆ, ಬೇಲಿ ದಾಟಿ. ಓಡುವವರು, ಹಾರುವವರು ಒಟ್ಟಾಗಿ ಕಿರುಚಾಡಿಕೊಂಡು ಇರುತ್ತಿದ್ದರು. ಎಸೆಯುವವಳು ನಮ್ಮವಳು ಒಬ್ಬಳೇ. ಸಿಮೆಂಟಿನ ಒಂದು ವೃತ್ತ, ಅದರ ಸುತ್ತ ಮೂರು ಕಡೆ ಎತ್ತರದ ಬಲೆ, ಮುಂದೆ ಬೀಸಣಿಗೆಯ ಹಾಗೆ ಅಗಲವಾಗುತ್ತಾ ಹೋಗುವ ಎರಡು ಬಿಳಿ ಗೆರೆ. ತಟ್ಟೆ ಆ ಗೆರೆಗಳ ಒಳಗೇ ಬೀಳಬೇಕು. ನನ್ನ ಜಾಗ ಆ ತುದಿಯಲ್ಲಿ, ಗೆರೆಯಿಂದ ಹೊರಗೆ. ಸೀರೆ, ಕಾಲಿಗೆ ಸ್ನೀಕರ್ಸು, ಮೇಲೆ ಮಗನ ಹಳೆಯ ಕಂಪನಿಯ ಹೆಸರು ಹೊಲಿದ ಜಾಕೆಟ್ಟು.

ಕೆಲಸದ ಕ್ರಮ ಹೇಳುತ್ತೇನೆ ಕೇಳಿ. ಮೊದಲು ಬಲೆಯನ್ನು ಸುತ್ತಿ ನೋಡಬೇಕು. ತೂತಿದ್ದರೆ ಅವತ್ತು ಎಸೆಯುವಂತಿಲ್ಲ. ಆಮೇಲೆ ವೃತ್ತವನ್ನು ಗುಡಿಸಬೇಕು, ಒಂದು ಹರಳು ಇದ್ದರೂ ತಿರುಗುವ ಕಾಲು ಜಾರುತ್ತದೆ. ಆಮೇಲೆ ನಾನು ಆ ತುದಿಗೆ ಹೋಗಿ, ಹುಲ್ಲಿನಲ್ಲಿ ಯಾರೂ ಇಲ್ಲ ಎಂದು ನೋಡಿ, ಕೈ ಎತ್ತಬೇಕು. ಕೈ ಎತ್ತದೆ ಅವಳು ಎಸೆಯುವುದಿಲ್ಲ. ತಟ್ಟೆ ಬಿದ್ದ ಗುರುತಿಗೆ ಒಂದು ಗೂಟ ನೆಡಬೇಕು. ಹಾರಿ ಹೋಗಿ ನಿಂತ ಕಡೆಯಲ್ಲ, ಮೊದಲು ನೆಲ ಮುಟ್ಟಿದ ಕಡೆ. ತಟ್ಟೆಯನ್ನು ತಿರುಗಿ ಎಸೆಯಬಾರದು, ಉರುಳಿಸಬಾರದು, ನಡೆದು ತಂದೇ ಕೊಡಬೇಕು. ಅದರ ಮೇಲಿನ ಕೆಸರು, ಬಾತುಕೋಳಿಗಳ ಗಲೀಜು ಒರೆಸಿ ಕೊಡಬೇಕು. ಮತ್ತೆ ಆ ತುದಿಗೆ ನಡೆಯಬೇಕು. ಸಂಜೆ ಬೇ, ಅಂದರೆ ಕಡಲ ಕೊಲ್ಲಿಯ ಕಡೆಯಿಂದ ಗಾಳಿ ತಿರುಗಿದರೆ ಕಸದ ಗುಡ್ಡದ ವಾಸನೆ ಬರುತ್ತಿತ್ತು. ಅವಳಿಗೆ ಅದೇ ಇಷ್ಟ. ಎದುರು ಗಾಳಿಯಲ್ಲಿ ತಟ್ಟೆ ತೇಲುತ್ತದಂತೆ.

ನಾವಿಬ್ಬರೂ ಮೈದಾನದ ಎರಡು ತುದಿಗೆ ನಿಂತಿರುತ್ತಿದ್ದೆವು. ಕೂಗಿದರೂ ಮಾತು ತಲುಪುತ್ತಿರಲಿಲ್ಲ. ಅವಳಿಗೂ ಗೆಳತಿಯರು ಕಡಿಮೆ ಎಂದು ನನಗೆ ಗೊತ್ತಾದದ್ದು ಅಲ್ಲೇ. ಉಳಿದ ಹುಡುಗಿಯರು ನೀರು ಕುಡಿಯಲು ಗುಂಪಾಗಿ ಹೋಗುವಾಗ ಇವಳು ಷೂ ದಾರ ಬಿಚ್ಚಿ ಕಟ್ಟುತ್ತಾ ಕೂತಿರುತ್ತಿದ್ದಳು. ನಾನು ಕೇಳಲಿಲ್ಲ. ಅವಳೂ ನನ್ನನ್ನು, ನಿನಗೆ ಹಗಲೆಲ್ಲ ಹೇಗೆ ಹೋಗುತ್ತೆ ಅಜ್ಜಿ ಎಂದು ಕೇಳಲಿಲ್ಲ.

ಕಾಲೇಜಿನ ಮಾತು ತಂದವರು ಶಾಲೆಯ ಕೋಚು. ದೊಡ್ಡ ಮೈಯ, ಅಗಲ ಟೋಪಿಯ, ಮೆಲು ದನಿಯ ಮನುಷ್ಯ. ಪೂರ್ವದ ಹಳೆಯ ಕಾಲೇಜುಗಳಲ್ಲಿ ಆಟದ ಕೋಚುಗಳು ತಮಗೆ ಬೇಕಾದ ಮಕ್ಕಳ ಹೆಸರನ್ನು ಅಡ್ಮಿಷನ್ ಆಫೀಸಿಗೆ ಕೊಡಬಹುದಂತೆ. ಕೆಲವೇ ಹೆಸರು. ಆಫೀಸಿನವರು ಆ ಮಕ್ಕಳ ಎಸ್‌ಎಟಿ ಪರೀಕ್ಷೆಯ ಅಂಕ, ಶಾಲೆಯ ಅಂಕ ನೋಡುತ್ತಾರೆ. ಅವರು ಹಾಕಿಕೊಂಡ ಗೆರೆಯ ಕೆಳಗಿದ್ದರೆ ನೀನು ತಟ್ಟೆಯನ್ನು ಚಂದ್ರನಿಗೆ ಎಸೆದರೂ ಇಲ್ಲ. ಗೆರೆಯ ಮೇಲಿದ್ದು ಕೋಚೂ ಬೇಕು ಅಂದರೆ ಹೌದು. ಕೋಚಿನ ಮಾತಿಲ್ಲದೆ ಬರೀ ಅಂಕದ ಮೇಲೆ ಹೋಗಬೇಕಾದರೆ ಅಂಕ ಆಕಾಶದಲ್ಲಿರಬೇಕು. ನಮ್ಮವಳಿಗೆ ಲೆಕ್ಕದಲ್ಲಿ ಬೇಕಾದಷ್ಟು ಬಂದಿತ್ತು. ಇಂಗ್ಲಿಷಿನಲ್ಲಿ ಎಂಟುನೂರಕ್ಕೆ ಐನೂರು ಚಿಲ್ಲರೆ. ಇಲ್ಲೇ ಹುಟ್ಟಿದವಳು, ಆದರೆ ಆ ಪರೀಕ್ಷೆಯಲ್ಲಿ ಯಾರೂ ಆಡದ ಇಂಗ್ಲಿಷ್ ಕೇಳುತ್ತಾರೆ.

ಕಾಲೇಜುಗಳಿಗೆ ವಿಡಿಯೋ ಕಳಿಸಬೇಕು ಎಂದಾಯಿತು. ಕ್ಯಾಮೆರಾ ಹಿಡಿಯುವ ಕೆಲಸವೂ ನನಗೇ ಬಂತು. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಅಂಗೈಯಗಲದ ಕ್ಯಾಮೆರಾ, ಒತ್ತಿದರೆ ಕೆಂಪು ದೀಪ. ವಾರವೆಲ್ಲ ತೆಗೆದೆ. ಶಾಲೆಯ ಕೋಚು ಕ್ಯಾಸೆಟ್ ಕಳಿಸಿದರು. ಒಂದು ಕಾಲೇಜಿನ ಕೋಚಮ್ಮನಿಂದ ಅವರಿಗೆ ಉತ್ತರವೂ ಬಂತು. ಮೊಮ್ಮಗಳು ನಗು ತಡೆಯಲಾಗದೆ ಸೋಫಾದ ಮೇಲೆ ಬಿದ್ದು ಹೊರಳಿದಳು.

"ಅಜ್ಜಿ! ಶೀ ಸೆಡ್, ಹುಡುಗಿಯ ಮುಖ ತುಂಬಾ ಚೆನ್ನಾಗಿದೆ, ಆದ್ರೆ ನಂಗೆ ಕಾಲು ಬೇಕು ಅಂತ. ಯು ಫಿಲ್ಮ್ಡ್ ಓನ್ಲಿ ಮೈ ಫೇಸ್!"

"ಮತ್ತೇನು ತೆಗೀಬೇಕಿತ್ತು? ಹೆಣ್ಣು ನೋಡೋರಿಗೆ ಮುಖ ತೋರಿಸ್ದೆ ಇನ್ನೇನು ತೋರಿಸ್ತಾರೆ?"

"ಅಯ್ಯೋ, ಇದು ಮ್ಯಾರೇಜ್ ಅಲ್ಲ!"

ನಗಬಹುದು ನೀವು. ನನಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಬರೀ ಪಾದದ ಚಿತ್ರ ನಾವು ಇಟ್ಟುಕೊಳ್ಳುವುದು ದೇವರದ್ದು, ಗುರುಗಳದ್ದು, ಇಲ್ಲವೇ ಹೋದವರದ್ದು. ಬಾಳಿ ಬದುಕಬೇಕಾದ ಹುಡುಗಿಯ ಕಾಲನ್ನಷ್ಟೇ ಪೆಟ್ಟಿಗೆಯಲ್ಲಿ ತುಂಬಿ ದೂರದೂರಿಗೆ ಕಳಿಸುವುದೇ? ಕೊನೆಗೆ ಒಂದು ದಾರಿ ಮಾಡಿಕೊಂಡೆ. ಕೆಂಪು ದೀಪ ಹತ್ತುವ ಮುಂಚೆ ಅವಳ ಮುಖವನ್ನು ಕಣ್ತುಂಬ ನೋಡಿ, ಲಟಿಗೆ ಮುರಿದು, ಆಮೇಲೆ ಕ್ಯಾಮೆರಾ ಕೆಳಗಿಳಿಸುತ್ತಿದ್ದೆ. ಬರುಬರುತ್ತಾ ಆ ಕಾಲುಗಳೂ ನನಗೆ ಮುಖದ ಹಾಗೇ ಆದವು. ಬೆನ್ನು ಮೈದಾನದ ಕಡೆಗಿಟ್ಟು ಶುರು. ಎಡಗಾಲಿನ ತುದಿಯ ಮೇಲೆ ತಿರುಗುವುದು, ಬಲಗಾಲು ವೃತ್ತದ ನಡುವೆ ಊರುವುದು, ತಕ್ಷಣ ಎಡಗಾಲು ಮುಂದೆ ಬಂದು ಗೂಟದಂತೆ ನಿಲ್ಲುವುದು, ಆಗ ಕೈ ಬೀಸುವುದು. ನಮ್ಮವಳ ಎಡಗಾಲು ಒಂದು ಚಿಟಿಕೆ ತಡವಾಗಿ ಬರುತ್ತಿತ್ತು. ಅಷ್ಟರಲ್ಲಿ ತಟ್ಟೆ ಹೊರಟೇಬಿಡುತ್ತಿತ್ತು. ಶಾಲೆಯ ಕೋಚು ಈ ಕಾಲಿನ ಕ್ಯಾಸೆಟ್ಟು ನೋಡಿ ಅವಳಿಗೆ ಅದನ್ನು ತಿದ್ದಿ, ತಿದ್ದಿದ ಮೇಲೆ ತೆಗೆದದ್ದನ್ನು ಆ ಕೋಚಮ್ಮನಿಗೆ ಕಳಿಸಿದರು. ಹಗಲು ಮನೆಯಲ್ಲಿ ಒಬ್ಬಳೇ ಇದ್ದಾಗ ನಾನೂ ಟೀವಿಗೆ ಹಾಕಿಕೊಂಡು ನೋಡುತ್ತಿದ್ದೆ. ಊಟ ಮಾಡುವಾಗ ಎದುರಿಗೆ ಮೊಮ್ಮಗಳ ಕಾಲು ತಿರುಗುತ್ತಿದ್ದರೆ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಜುಲೈ ಬರುವ ತನಕ ಕಾಲೇಜಿನ ಕೋಚುಗಳು ಮಕ್ಕಳಿಗೆ ಫೋನ್ ಮಾಡುವಂತಿಲ್ಲವಂತೆ. ಜುಲೈ ಬಂತು, ಒಂದು ಭಾನುವಾರ ಫೋನೂ ಬಂತು. ಮೊಮ್ಮಗಳು ಹೊರಗೆ ಹೋಗಿದ್ದಳು. ಎತ್ತಿದವನು ಮಗ. ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಎದುರಿಗೇ ಕೂತಿದ್ದೆ. ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಾಗಿ ಮಾತಾಡಿ ಇಟ್ಟ.

"ಯಾರ್ಲಾ ಮಗಾ?"

"ಆ ಕಾಲೇಜಿನ ಕೋಚ್ ಅವ್ವಾ. ಕಾಲು ಚೆನ್ನಾಗಿದೆ ಈಗ ಅಂದ್ರು. ಇಂಗ್ಲಿಷಲ್ಲಿ ಆರುನೂರು ದಾಟ್ಲಿ, ಇವಳ ಹೆಸರು ನಾನು ಆಫೀಸಿಗೆ ಕೊಡ್ತೀನಿ ಅಂದ್ರು."

"ಅಯ್ಯೋ ನನ್ನಪ್ಪಾ! ನೀನೇನಂದೆ?"

"ಥ್ಯಾಂಕ್ಸ್ ಹೇಳ್ದೆ. ಆ ಥರ ಕೋಟಾ ಏನೂ ಬೇಡ, ನಮ್ಮ ಹುಡುಗಿ ಮೆರಿಟ್ ಮೇಲೇ ಅಪ್ಲೈ ಮಾಡ್ತಾಳೆ ಅಂದೆ. ಒಳ್ಳೇ ಹೆಂಗಸು. ಆಲ್ ದ ಬೆಸ್ಟ್ ಅಂದ್ರು."

ಒಳ್ಳೆಯ ಮಾತೇ ಆಡಿದ್ದಾನೆ ಎಂದುಕೊಂಡು ನಾನು ಹುರುಳಿಕಾಯಿ ಮುಗಿಸಿದೆ. ನಮ್ಮ ಕಡೆ ಯಾರಾದರೂ ಉಪಕಾರ ಮಾಡಲು ಬಂದರೆ ಮೊದಲು ಬೇಡ ಅನ್ನುವುದೇ ಮರ್ಯಾದೆ. ಅವರು ಮತ್ತೆ ಒತ್ತಾಯ ಮಾಡುತ್ತಾರೆ, ಆಗ ಸರಿ ಅನ್ನುತ್ತೇವೆ. ಈ ದೇಶದಲ್ಲಿ ಬೇಡ ಅಂದರೆ ಬೇಡ. ಎರಡನೇ ಸಲ ಕೇಳುವುದಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ.

ಮೊಮ್ಮಗಳು ಬಂದಾಗ ಅವನು, ಕೋಚ್ ಫೋನ್ ಮಾಡಿದ್ರು, ಎಸ್‌ಎಟಿ ಚೆನ್ನಾಗಿ ಮಾಡು ಅಂದ್ರು ಎಂದಷ್ಟೇ ಹೇಳಿದ. ಮಾರನೆಯ ದಿನದಿಂದ ಮನೆಯ ಕಾನೂನು ಬದಲಾಯಿತು. ಈಗ ತಟ್ಟೆಯ ಸೀಸನ್ ಅಲ್ಲ, ಪರೀಕ್ಷೆಯದ್ದು. ಅಕ್ಟೋಬರಿನಲ್ಲಿ ಮತ್ತೆ ಬರೆಯಬೇಕು, ಆಕಾಶದಲ್ಲಿರುವ ಅಂಕ ತರಬೇಕು. ಮಧ್ಯಾಹ್ನದಿಂದ ಸಂಜೆಯವರೆಗೆ ಅಂಗಡಿ ಸಾಲಿನ ಮೇಲಿನ ಒಂದು ಕೋಣೆಯಲ್ಲಿ ಕೋಚಿಂಗ್ ಕ್ಲಾಸು. ಮೈದಾನ ಬಂದ್. ನನ್ನ ಕೆಲಸವೂ ಹೋಯಿತು.

ಆ ಎರಡು ತಿಂಗಳು ನನಗೆ ಹೇಗೆ ಹೋದವೋ! ಅವಳು ಬಂದವಳೇ ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಫೋನು ಕೂಗಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿಸಿಕೊಂಡು, ಅಪ್ಪನ ಆಫೀಸಿನದೋ, ಏನಾದರೂ ಮಾರುವವರದೋ ಎಂದು ಗೊತ್ತಾದ ಮೇಲೆ ಬಾಗಿಲು ಮುಚ್ಚುತ್ತಿತ್ತು. ಒಂದೊಂದು ದಿನ ನಾನು ಒಬ್ಬಳೇ ಮೈದಾನಕ್ಕೆ ಹೋಗುತ್ತಿದ್ದೆ. ರಜೆ, ಒಂದು ಪ್ರಾಣಿ ಇಲ್ಲ. ಹುಲ್ಲು ಒಣಗಿ, ಹಿಂದಿನ ಗುಡ್ಡಗಳೆಲ್ಲ ಹುರಿದ ರವೆಯ ಬಣ್ಣ. ವೃತ್ತ ಗುಡಿಸಿ ಬರುತ್ತಿದ್ದೆ. ಯಾರಿಗಾಗಿ ಎಂದು ಕೇಳಿದರೆ ಏನು ಹೇಳಲಿ?

ಮನೆಯಲ್ಲಿ ನಾವಿಬ್ಬರೂ ಮಾತಾಡಲು ಉಳಿದಿದ್ದ ಒಂದೇ ನೆಪ ಅವಳ ಪದಗಳ ಕಾರ್ಡು. ಪ್ರತಿ ಇಂಗ್ಲಿಷ್ ಪದವನ್ನೂ ನನಗೆ ಕನ್ನಡದಲ್ಲಿ ಅರ್ಥ ಮಾಡಿಸಬೇಕು, ಆಗ ಮರೆಯುವುದಿಲ್ಲ ಎಂದು ಅವಳೇ ಮಾಡಿಕೊಂಡ ಉಪಾಯ.

"ಗ್ಯಾರುಲಸ್. ಅಂದ್ರೆ ಸುಮ್ನೆ ಇರಕ್ಕಾಗಲ್ಲ, ಮಾತು, ಮಾತು, ಮಾತು. ಲೈಕ್... ನಿನ್ನಂಗೆ ಅಜ್ಜಿ."

"ಏಟು ತಿಂತೀಯಾ. ಮುಂದಿಂದು ಹೇಳು."

"ಫಾರ್ಲಾರ್ನ್." ಕಾರ್ಡನ್ನು ತಿರುಗಿಸಿ ನೋಡಿದಳು. "ಇದು... ಎಲ್ಲರೂ ಹೋಗ್ಬಿಟ್ಟಿದಾರೆ. ಯಾರೂ ವಾಪಸ್ ಕರೀತಿಲ್ಲ." ಆಮೇಲೆ ಮೆಲ್ಲಗೆ, "ಆ ಕೋಚ್ ಡಿಡಂಟ್ ಕಾಲ್ ಬ್ಯಾಕ್, ಅಜ್ಜಿ. ನನ್ನ ಇಂಗ್ಲಿಷ್ ಸ್ಕೋರ್ ನೋಡಿ ಬೇಡ ಅಂದ್ಕೊಂಡ್ರು." ಇವತ್ತಲ್ಲ ನಾಳೆ ಮತ್ತೆ ಕೇಳ್ತಾರೆ ಬಿಡು ಅಂದೆ, ಹಾಗೇ ನಂಬಿದ್ದೆ ಕೂಡ.

ಕ್ಲಾಸಿನ ಪರೀಕ್ಷೆಗಳಲ್ಲಿ ಅವಳ ಅಂಕ ಏರುವ ಬದಲು ಇಳಿಯಿತು. ಕೂತಲ್ಲಿ ಕೂರಲಾರಳು, ಪೆನ್ಸಿಲ್ ಕಡಿದು ಕಡಿದು ಚೂರು ಮಾಡಿದ್ದಳು. ಮಗ ಇನ್ನೊಂದು ಕ್ಲಾಸಿಗೂ ಸೇರಿಸೋಣ ಅಂದ.

ಶಾಲೆ ಮತ್ತೆ ಶುರುವಾದ ಮೊದಲ ವಾರದಲ್ಲಿ ಅವಳ ಲಾಕರಿನ ಸಾಮಾನು ತರಲು ನಾನೂ ಜೊತೆಗೆ ಹೋಗಿದ್ದೆ. ಎದುರಿಗೆ ಶಾಲೆಯ ಕೋಚು ಸಿಕ್ಕರು. ಅವಳ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳಿದರು. ಅವಳ ಮುಖ ನನ್ನ ಕಣ್ಣ ಮುಂದೆಯೇ ಸುಣ್ಣವಾಯಿತು.

"ಏನಂತೆ?"

"ಅವರು ಹೇಳ್ತಿದಾರೆ... ಆ ಕೋಚ್ ಇವರಿಗೆ ಹೇಳಿದ್ರಂತೆ, ನಮ್ಮ ಫ್ಯಾಮಿಲಿಗೆ ಇಂಟರೆಸ್ಟ್ ಇಲ್ಲ, ಅಪ್ಪ ನೋ ಅಂದ್ರು ಅಂತ." ನನ್ನ ಕಡೆ ತಿರುಗಿದಳು. "ಅಜ್ಜಿ, ಅಪ್ಪ ಏನಂದ್ರು?"

ನಾನು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಕೋಟಾ, ಮೆರಿಟ್, ಥ್ಯಾಂಕ್ಸ್. ದಾರಿಯಲ್ಲಿ ನನ್ನ ಜೊತೆ ನಡೆಯುತ್ತಿದ್ದವಳು ನನಗಿಂತ ಬಹಳ ಮುಂದೆ ಹೋದಳು.

ಊಟಕ್ಕೆ ಕೂತಾಗ ಸಿಡಿಯಿತು. ಅವಳು ಇಂಗ್ಲಿಷಿನಲ್ಲಿ ಕೂಗಿದಳು, ಅವನು ಕನ್ನಡದಲ್ಲಿ ಕೂಗಿದ.

"ಸ್ಪೋರ್ಟ್ಸ್ ಕೋಟಾ ಅಂದ್ರೆ ಜನ ಏನಂತಾರೆ ಗೊತ್ತಾ ನಿಂಗೆ? ಓದಕ್ಕೆ ಬರ್ದೇ ಇರೋರು ಹಿಂದಿನ ಬಾಗಿಲಿಂದ ಬಂದ್ರು ಅಂತಾರೆ. ಜೀವ ಇರೋ ತನಕ ಅಂತಾರೆ!"

"ರೀ, ಇಲ್ಲಿ ಯಾರೂ ಹಂಗನ್ನಲ್ಲ," ಎಂದಳು ಸೊಸೆ.

"ನನಗಂದ್ರು." ಅವನ ದನಿ ಇಳಿಯಿತು. ತಟ್ಟೆಯಲ್ಲಿನ ಅನ್ನವನ್ನು ಬೆರಳಿನಿಂದ ಸರಿಸುತ್ತಾ ನನ್ನ ಕಡೆ ನೋಡಿದ. "ಹಳ್ಳಿಯವರಿಗೆ ಅಂತ ಇಟ್ಟಿದ್ದ ಸೀಟಲ್ಲಿ ನಾನು ಇಂಜಿನಿಯರಿಂಗ್ ಸೇರಿದ್ದು ಅಲ್ವಾ ಅವ್ವಾ. ಹಾಸ್ಟ್ಲಲ್ಲಿ ಒಬ್ಬನೂ ನನ್ನ ಹೆಸರಿಡಿದು ಕರೀಲಿಲ್ಲ. 'ಏ ಕೋಟಾ, ಊಟಕ್ಕೆ ಬಾರೋ.' 'ಕೋಟಾ, ಲೈಟ್ ಆರಿಸೋ.' ಫಸ್ಟ್ ಕ್ಲಾಸ್ ಬಂದಾಗ್ಲೂ 'ನೋಡ್ರೋ, ಕೋಟಾ ಪಾಸಾಯ್ತು' ಅಂದ್ರು."

ನನಗೆ ಅದು ಗೊತ್ತೇ ಇರಲಿಲ್ಲ. ರಜೆಗೆ ಊರಿಗೆ ಬಂದಾಗ ಎಷ್ಟು ಚೆನ್ನಾಗಿದೆ ಹಾಸ್ಟೆಲ್ಲು ಎಂದು ವರ್ಣಿಸುತ್ತಿದ್ದ ಹುಡುಗ ಅವನು. ಇಷ್ಟು ವರ್ಷ ಒಬ್ಬನೇ ಹೊತ್ತುಕೊಂಡಿದ್ದಾನಲ್ಲ!

ಮೊಮ್ಮಗಳೂ ಕೂಗುವುದನ್ನು ನಿಲ್ಲಿಸಿದ್ದಳು. "ಅಪ್ಪಾ," ಎಂದಳು, "ಎಕ್ಸಾಂ ಬರೆದಿದ್ದು ಯಾರು? ಯು, ರೈಟ್? ಸೀಟ್ ಹೋಗಿ ಬರೀಲಿಲ್ವಲ್ಲ."

ಅವನು ಎದ್ದು ಕೈ ತೊಳೆದ. ಆಗ ನಾನು ಬಾಯಿಬಿಟ್ಟೆ. "ಮಗಾ, ನಿನ್ನ ಸಂಕಟ ನಂಗೆ ಅರ್ಥ ಆಯ್ತು. ಆದ್ರೆ ಅವಳದ್ದನ್ನ ನೀನು ಬೇಡ ಅನ್ಬೇಡ. ಬೇಕೋ ಬೇಡ್ವೋ ಅವಳೇ ಹೇಳ್ಲಿ. ನಾಳೆಯಿಂದ ನಾನಂತೂ ಮೈದಾನಕ್ಕೆ ಹೋಗೋಳೇ. ಬರೋರು ಬರ್ಲಿ."

ಮಾರನೆಯ ಬೆಳಿಗ್ಗೆ ಮೊಮ್ಮಗಳೇ ಫೋನ್ ಮಾಡಿದಳು. ಅಪ್ಪ ಷೂ ಹಾಕಿಕೊಳ್ಳುವ ನೆಪದಲ್ಲಿ ಅಲ್ಲೇ ಬಗ್ಗಿ ಕೂತಿದ್ದ, ಆದರೆ ತಡೆಯಲಿಲ್ಲ. ಕೋಚಮ್ಮ ಇನ್ನೂ ಎರಡು ಮನಸ್ಸಿನಲ್ಲಿದ್ದರು. ಒಂದು ಜಾಗ ಉಳಿದಿದೆ, ಅದಕ್ಕೆ ಇನ್ನೊಬ್ಬ ಹುಡುಗಿಯನ್ನೂ ನೋಡುತ್ತಿದ್ದೇನೆ ಅಂದರು. ಈಗ ತಟ್ಟೆಯ ಪಂದ್ಯಗಳಿಲ್ಲದ ಕಾಲ. ಹಾಗಾಗಿ ಹೊಸ ವಿಡಿಯೋ ಬೇಕು. ಒಂದರ ಹಿಂದೊಂದು ಆರು ಎಸೆತ, ನಡುವೆ ಕ್ಯಾಮೆರಾ ನಿಲ್ಲಿಸಬಾರದು, ಕಾಲು ಕಾಣಬೇಕು, ಪ್ರತಿ ಎಸೆತವನ್ನೂ ಟೇಪು ಹಿಡಿದು ಅಳೆಯುವುದೂ ಅದರಲ್ಲೇ ಕಾಣಬೇಕು. ಒಳ್ಳೆಯದನ್ನು ಮಾತ್ರ ಆರಿಸಿ ಕಳಿಸುವ ಹಾಗಿಲ್ಲ. ಜೊತೆಗೆ ಅಕ್ಟೋಬರಿನಲ್ಲಿ ಇಂಗ್ಲಿಷು ಆರುನೂರು.

ನನ್ನ ಕೆಲಸ ನನಗೆ ವಾಪಸು ಬಂತು! ಆದರೆ ಎರಡು ತಿಂಗಳು ಬಿಟ್ಟ ಕಾಲು ಎಲ್ಲಿ ಮಾತು ಕೇಳುತ್ತದೆ? ಎಡಗಾಲು ಮತ್ತೆ ತಡ. ತಟ್ಟೆ ಬಲೆಗೆ ಬಡಿಯಿತು, ಗೆರೆಯಾಚೆ ಹೋಯಿತು. ಅವಳು ಸಿಮೆಂಟಿನ ಮೇಲೆ ಕೂತು ಅತ್ತಳು. ನಾನು ಆ ತುದಿಯಿಂದ ನೋಡಿದೆ. ಓಡಿ ಹೋಗಲಿಲ್ಲ. ಎದ್ದು ನಿಂತಾಗ ಕೈ ಎತ್ತಿದೆ.

ವಿಡಿಯೋ ತೆಗೆಯಲು ಹೊರಟ ಮೊದಲ ದಿನ ಐದನೇ ಎಸೆತದಲ್ಲಿ ಬ್ಯಾಟರಿ ಸತ್ತಿತು. ಎರಡನೇ ಸಲ, ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ ಹುಲ್ಲಿಗೆ ನೀರು ಚಿಮ್ಮಿಸುವ ನಲ್ಲಿಗಳು ತಾವಾಗಿಯೇ ಎದ್ದವು. ನಾನು ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದೆ. ನಿಜವಾದ ತೊಂದರೆ ಬೇರೆಯೇ ಇತ್ತು. ಕ್ಯಾಮೆರಾ ಬಲೆಯ ಹಿಂದೆ, ತಟ್ಟೆ ಬೀಳುವುದು ಆ ತುದಿಯಲ್ಲಿ. ಎರಡು ಸಲವೂ ಅತ್ತಿಂದಿತ್ತ ಓಡಿ ಸಾಕಾಗಿದ್ದೆ, ನಾನು ಎರಡು ಕಡೆ ಇರುವುದು ಹೇಗೆ? ಶಾಲೆಯ ಕೋಚಿಗೆ ಓಡುವವರ ಪಂದ್ಯಗಳಿದ್ದವು. ರಾತ್ರಿ ಊಟ ಬಡಿಸುವಾಗ ಇದನ್ನೆಲ್ಲ ಹೇಳಿಕೊಂಡೆ, ಯಾರನ್ನೂ ಬಾ ಎಂದು ಕರೆಯಲಿಲ್ಲ.

ಮಾರನೆಯ ಮಧ್ಯಾಹ್ನ ನಾವು ಸ್ಟ್ಯಾಂಡು ನಿಲ್ಲಿಸುತ್ತಿದ್ದಾಗ ಬೇಲಿಯ ಬಳಿ ಮಗನ ಕಾರು ಬಂದು ನಿಂತಿತು. ಆಫೀಸಿನ ಷೂ, ಕೊರಳಲ್ಲಿ ಗುರುತಿನ ಬಿಲ್ಲೆ.

"ಎಲ್ಲಿ ನಿಂತ್ಕೋಬೇಕು ಅವ್ವಾ?"

ತೋರಿಸಿದೆ. ಮೊದಲು ನೆಲ ಮುಟ್ಟಿದ ಕಡೆ ಗೂಟ, ಉರುಳಿ ನಿಂತ ಕಡೆಯಲ್ಲ ಎಂದು ಹೇಳಿಕೊಟ್ಟೆ. ಟೇಪಿನ ಮೊದಲ ತುದಿ ಗೂಟಕ್ಕೆ, ಇನ್ನೊಂದು ತುದಿಯನ್ನು ಅವಳೇ ವೃತ್ತದ ಅಂಚಿಗೆ ಎಳೆದು ಹಿಡಿದು ಓದಬೇಕು. ಅವನು ಹುಲ್ಲಿನಲ್ಲಿ ಷೂ ಹೂತುಕೊಳ್ಳುತ್ತಾ ಆ ತುದಿಗೆ ನಡೆದು, ತಿರುಗಿ ನಿಂತು, ಕೈ ಎತ್ತಿದ.

ಕೆಂಪು ದೀಪ ಹತ್ತಿತು. ಮೊದಲನೆಯದು ಬಲೆಗೆ. ಅಯ್ಯೋ! ಅಳಿಸುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ. ಎರಡು, ಮೂರು ಪರವಾಗಿಲ್ಲ. ನಾಲ್ಕು ಚೆನ್ನಾಗಿ ಹೋಯಿತು. ಐದು ಗೆರೆಯಾಚೆ. ಆರನೆಯದಕ್ಕೆ ಅವಳು ಬಹಳ ಹೊತ್ತು ಬೆನ್ನು ತಿರುಗಿಸಿ ನಿಂತಳು. ನನ್ನ ಕಣ್ಣು ಆ ಸಣ್ಣ ಗಾಜಿನಲ್ಲಿ, ಅವಳ ಪಾದದ ಮೇಲೆ. ಎಡ ತುದಿಗಾಲು ತಿರುಗಿತು, ಬಲ ಊರಿತು, ಊರಿದ್ದೇ ತಡ ಎಡ ಬಂದು ನೆಟ್ಟಗೆ ನಿಂತಿತು. ಅವಳ ಗಂಟಲಿನಿಂದ ಒಂದು ಕೂಗು. ನಾನು ತಲೆ ಎತ್ತುವಂತಿಲ್ಲ, ಕ್ಯಾಮೆರಾ ಅಲುಗುತ್ತದೆ. ಆ ಎಸೆತ ಹೇಗೆ ಹೋಯಿತು, ಎಷ್ಟು ಎತ್ತರ ತೇಲಿತು, ನಾನು ನೋಡಲೇ ಇಲ್ಲ. ಇವತ್ತಿಗೂ ನೋಡಿಲ್ಲ, ವಿಡಿಯೋದಲ್ಲೂ ಬರೀ ಕಾಲು, ಆಮೇಲೆ ಟೇಪು. ನನಗೆ ಕೇಳಿಸಿದ್ದು ದೂರದಿಂದ ಮಗ ಕೂಗಿದ್ದು.

"ಅವ್ವಾ! ಅವ್ವಾ! ನೋಡ್ದ್ಯಾ!"

ಆಗ ತಲೆ ಎತ್ತಿದರೆ, ಅವನು ತನ್ನನ್ನೂ ದಾಟಿ ಬಹಳ ಹಿಂದೆ ಬಿದ್ದ ತಟ್ಟೆಯ ಕಡೆಗೆ ಓಡುತ್ತಿದ್ದ. ಅಳೆದಾಯಿತು, ಅವಳು ಅಲ್ಲಿಯ ತನಕ ಎಸೆದದ್ದರಲ್ಲೇ ದೂರ. ಅವನು ತಟ್ಟೆಯನ್ನು ಅಂಗಿಯ ತುದಿಯಿಂದ ಒರೆಸುತ್ತಾ ನಡೆದು ಬಂದು ಮಗಳ ಕೈಗಿಟ್ಟ. ಅವನು ಮತ್ತೆ ಆಫೀಸಿಗೆ ಹೋದ.

ಶನಿವಾರ ಪರೀಕ್ಷೆ ಬರೆದಳು. ಕೆಲವು ವಾರದ ಮೇಲೆ ಫೋನಿನಲ್ಲಿ ಅಂಕ ಹೇಳುತ್ತಾರೆ, ಮನುಷ್ಯರಲ್ಲ, ಯಂತ್ರ. ಅವಳು ರಿಸೀವರನ್ನು ಕಿವಿಗೊತ್ತಿ ಕಣ್ಣು ಮುಚ್ಚಿದಳು. ಇಂಗ್ಲಿಷು ಗೆರೆ ದಾಟಿತ್ತು, ಕೂದಲೆಳೆಯಷ್ಟು. ಗ್ಯಾರುಲಸ್ ಬಂದಿತ್ತಾ ಎಂದು ಕೇಳಿದೆ. ಇರಲಿಲ್ಲವಂತೆ. ಕೋಚಮ್ಮ ವಿಡಿಯೋ ನೋಡಿ, ನಿನ್ನ ಹೆಸರೇ ಕೊಡುತ್ತಿದ್ದೇನೆ, ಆದರೆ ಕೊನೆಯ ಮಾತು ಆಫೀಸಿನವರದು ಅಂದರು. ಅರ್ಜಿ ಹೋಯಿತು. ಆಮೇಲೆ ಬರೀ ಕಾಯುವುದು.

ಡಿಸೆಂಬರಿನ ಒಂದು ಬೆಳಿಗ್ಗೆ, ಮನೆಯಲ್ಲಿ ನಾನೊಬ್ಬಳೇ. ಫೋನ್ ಬಂತು. ಹೆಣ್ಣು ದನಿ, ಮೊಮ್ಮಗಳ ಹೆಸರು ಕೇಳಿತು. "ಸ್ಕೂಲ್, ಸ್ಕೂಲ್. ಐ ಗ್ರಾಂಡ್‌ಮದರ್," ಅಂದೆ. ಆ ಕಡೆ ನಗು. ಆಮೇಲೆ ಅವರು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ತಾವು ಕೋಚು ಅಂದರು, ಅಡ್ಮಿಷನ್ ಆಫೀಸ್ ಅಂದರು, ಯೆಸ್ ಅಂದರು. ನಾನು "ಯೆಸ್?" ಅಂದೆ. ಅವರು "ಯೆಸ್! ಯೆಸ್!" ಅಂದರು. ನಾನು "ಥ್ಯಾಂಕ್ಯೂ" ಅನ್ನುವ ಬದಲು ಕನ್ನಡದಲ್ಲಿ ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವಾ ಎಂದು ಹರಸಿಬಿಟ್ಟೆ.

ಮಗನಿಗೆ ಹೇಳಲು ನಂಬರು ಒತ್ತಿ, ಅರ್ಧಕ್ಕೇ ಇಟ್ಟೆ. ಮೊದಲು ಕೇಳಬೇಕಾದವಳು ಅವಳು. ಅವಳು ಬರಲು ಇನ್ನೂ ಇಡೀ ಹಗಲಿತ್ತು. ಇಷ್ಟು ದೊಡ್ಡ ಸಂತೋಷ ಮೈಯಲ್ಲಿ ತುಂಬಿಕೊಂಡು ಒಬ್ಬಳೇ ಹೇಗಿರುವುದು, ಹೇಳಿ! ಪಾಯಸಕ್ಕೆ ಶ್ಯಾವಿಗೆ ಹುರಿದೆ. ಬಾಗಿಲು ತೆರೆದು ಬೀದಿಯಲ್ಲಿ ನಿಂತೆ. ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ದೂರದಲ್ಲಿ ಫ್ರೀವೇ ಭೋರೆನ್ನುತ್ತಿತ್ತು. ಅಷ್ಟು ಜನ ಹೋಗುತ್ತಿದ್ದಾರೆ, ಒಬ್ಬರಾದರೂ ಇಳಿದು ಬಂದು ಏನಜ್ಜಿ ವಿಶೇಷ ಎಂದು ಕೇಳಬಾರದೇ ಅನ್ನಿಸಿತು. ಒಳಗೆ ಬಂದೆ, ಮತ್ತೆ ಹೊರಗೆ ಹೋದೆ.

ಸಂಜೆ ಅವಳು ಬಂದಳು. ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತಳು. ಬ್ಯಾಗು ಹೆಗಲಿನಿಂದ ಇಳಿಸಲಿಲ್ಲ.

"ಫೋನ್ ಬಂದಿತ್ತು."

"ಏನಂದ್ರು?"

"ಬಾ ಅಂದ್ರು."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನನ್ನ ಸೊಂಟ ತಬ್ಬಿ, ಹೊಟ್ಟೆಗೆ ಮುಖವಿಟ್ಟು, ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ನನ್ನ ಸೀರೆ ಮಾತ್ರ ಒದ್ದೆಯಾಯಿತು. ಆಮೇಲೆ ಎದ್ದು ಮೂಗೊರೆಸಿಕೊಂಡು ಅಪ್ಪನ ಆಫೀಸಿಗೆ ಫೋನ್ ಮಾಡಿದಳು. ನನಗೂ ಕೇಳಿಸಲಿ ಎಂದು ಸ್ಪೀಕರ್ ಒತ್ತಿದಳು.

ಮಗ ಮೀಟಿಂಗಿನಲ್ಲಿದ್ದ. ಹಿಂದೆ ಬಹಳ ಜನರ ಮಾತು. "ಏನಮ್ಮಾ, ಬೇಗ ಹೇಳು," ಅಂದ.

ಮಾತಿಗೊಂದು ಇಂಗ್ಲಿಷ್ ಬೆರೆಸುವ ಹುಡುಗಿ ಅವತ್ತು ಕನ್ನಡದಲ್ಲೇ, ಒಂದೊಂದೇ ಪದ ಹುಡುಕಿ ಹೇಳಿದಳು. "ಅಪ್ಪಾ, ನಂಗೆ ಸೀಟ್ ಸಿಕ್ತು. ಕೋಟಾದಲ್ಲಿ."

ಅವಳು ನನ್ನ ಕೈ ಹಿಡಿದಳು. ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಅವನು ನಮಗಲ್ಲ, ಆ ಕೋಣೆಯಲ್ಲಿದ್ದವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಗಟ್ಟಿಯಾಗಿ. ನನ್ನ ಮಗಳು ಡಿಸ್ಕಸ್ ಎಸೆಯುತ್ತಾಳೆ. ಕಾಲೇಜಿನ ಹೆಸರು. ಅವಳ ಎಸೆತ ನೋಡಿ ಅವಳನ್ನು ಕರೆದಿದ್ದಾರೆ. ಡಿಸ್ಕಸ್, ಡಿಸ್ಕಸ್ ಎಂದು ಮತ್ತೆ ಹೇಳಿದ.

ಚಪ್ಪಾಳೆ ಶುರುವಾಯಿತು. ಯಾರೋ ಶಿಳ್ಳೆ ಹೊಡೆದರು. ಮೊಮ್ಮಗಳು ಅಮ್ಮನಿಗೆ ಹೇಳಬೇಕು, ಕೋಚಿಗೆ ಹೇಳಬೇಕು ಎಂದು ಕಂಪ್ಯೂಟರಿಗೆಂದು ಮೇಲಿನ ಕೋಣೆಗೆ ಹಾಕಿಸಿದ್ದ ಇನ್ನೊಂದು ಲೈನಿನ ಫೋನಿಗೆ ಓಡಿದಳು. ಇಲ್ಲಿ ಅಡುಗೆಮನೆಯಲ್ಲಿ ಉಳಿದವಳು ನಾನು. ಮಗ ಸಂತೋಷದಲ್ಲಿ ಫೋನ್ ಇಡುವುದನ್ನೇ ಮರೆತಿದ್ದ. ಆ ದೂರದ ಕೋಣೆಯಲ್ಲಿ ನಾನು ನೋಡದ ಜನರೆಲ್ಲ ನನ್ನ ಮಗನನ್ನು ಅವನ ಹೆಸರು ಹಿಡಿದು ಕರೆಯುತ್ತಿದ್ದರು, ಒಬ್ಬೊಬ್ಬರಾಗಿ, ಬಂದು ಕೈ ಕುಲುಕುತ್ತಿರಬೇಕು. ನಾನು ಕುರ್ಚಿ ಎಳೆದುಕೊಂಡು ಫೋನಿನ ಪಕ್ಕದಲ್ಲಿ ಕೂತು, ಅದು ನಿಲ್ಲುವ ತನಕ ಕೇಳಿದೆ.